ಅಪ್ಪ ಹೆರೆದ ಹಾಕಿ ಕೋಲು

ಇಂಡಿಯಾ ತಂಡದ ಜೆರ್ಸಿ ತೊಟ್ಟು ಎಷ್ಟೋ ದೇಶ ಸುತ್ತಿ ಬಂದಿದ್ದೇನೆ. ಆದರೂ ನಮ್ಮೂರು ದೇವಲಾಪುರಕ್ಕೆ ಹೋದರೆ ಎಲ್ಲರೂ ಕೇಳುವುದು ಒಂದೇ, 'ಅದೆಂಗವ್ವ ಕಲ್ತೆ ಈ ಆಟವ?' ಕಲಿಸಿದ್ದು ಶಾಲೆಯ ಪಿ.ಟಿ. ಮೇಷ್ಟ್ರು. ಅಷ್ಟು ಹೇಳಿ ಸುಮ್ಮನಾಗಬಹುದು. ಆದರೆ ಶುರುವಿನಲ್ಲೇ ನನ್ನ ಆಟಕ್ಕೆ ಮಂಗಳ ಹಾಡಲು ಹೊರಟಿದ್ದವನು ನಮ್ಮಪ್ಪ ಅನ್ನುವುದನ್ನು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ಹತ್ತನೇ ಕ್ಲಾಸು ಮುಗಿದಿತ್ತು. ಮೈಸೂರಿನ ಕ್ರೀಡಾ ಹಾಸ್ಟೆಲಿಗೆ ಹುಡುಗಿಯರನ್ನು ಆರಿಸಲು ಪಾಂಡವಪುರಕ್ಕೆ ಬರುತ್ತಾರೆ ಎಂದು ಮೇಷ್ಟ್ರು ಹೇಳಿದರು. ಅವ್ವ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು. 'ತಕಂಡ್ರೆ ಓಗು. ತಕಳ್ನಿಲ್ಲ ಅಂದ್ರೆ ಕೋಲು ಅಟ್ಟಕ್ಕೆ, ನೀನು ಟೈಲರಿಂಗಿಗೆ. ಆಮೇಲೆ ರಾಗ ತೆಗೀಬ್ಯಾಡ.' ನಾನು ಹೂಂ ಅಂದೆ. ಬೇರೆ ದಾರಿ ಎಲ್ಲಿತ್ತು?

ಅಪ್ಪ ಬಡಗಿ. ಆಯ್ಕೆಯ ಹಿಂದಿನ ಸಂಜೆ ನಾನು ಡೇರಿಗೆ ಹಾಲು ಹಾಕಲು ಹೋದಾಗ ನನ್ನ ಕೋಲನ್ನು ಕೈಗೆತ್ತಿಕೊಂಡಿದ್ದಾನೆ. ಹಾಕಿ ಕೋಲಿಗೆ ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಗುಂಡು. ಚೆಂಡು ಹೊಡೆಯುವುದು ಚಪ್ಪಟೆ ಮಗ್ಗುಲಲ್ಲಿ ಮಾತ್ರ, ಗುಂಡು ಮಗ್ಗುಲಲ್ಲಿ ಹೊಡೆದರೆ ತಪ್ಪು. ಆಟ ಗೊತ್ತಿದ್ದವರಿಗೆ ಇದು ಅ ಆ ಇ ಈ. ಅಪ್ಪನ ಕಣ್ಣಿಗೆ ಮಾತ್ರ ಅದು ಅರ್ಧ ಕೆಲಸ ಮಾಡಿ ಕೈತೊಳೆದುಕೊಂಡ ಯಾವನೋ ಸೋಮಾರಿ ಆಚಾರಿಯ ಪಾಪ. ಮರ ಹೆರೆಯುವ ತೋಪಡ ತೆಗೆದುಕೊಂಡು ಗುಂಡು ಮಗ್ಗುಲನ್ನೂ ಚಪ್ಪಟೆ ಮಾಡಿದ. ಪಾಲಿಶೂ ಹೊಡೆದು, ಪಂಚೆಯ ತುಂಡಿನಲ್ಲಿ ಸುತ್ತಿ ಜೋಪಾನವಾಗಿ ಇಟ್ಟ.

ನಾನು ಅದನ್ನು ಬಿಚ್ಚಿದ್ದು ಪಾಂಡವಪುರದ ಮೈದಾನದಲ್ಲಿ. ಜೊತೆಗೆ ಅಪ್ಪನೂ ಬಂದಿದ್ದ. ಆರಿಸಲು ಬಂದಿದ್ದ ಮೇಡಂ ಕೋಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. 'ಏನಮ್ಮಾ ಇದು, ದೋಸೆ ಮೊಗಚೋದಾ? ಇದರಲ್ಲಿ ಆಡೋ ಹಾಗಿಲ್ಲ' ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. 'ಅಪ್ಪಾ! ನಿನ್ ಕೈಗೇನು ಬಂದಿತ್ತು? ಸುಮ್ಕಿರಕ್ಕೆ ಆಗ್ನಿಲ್ವಾ?'

'ಎಲ್ಡು ಕಡೆಯಿಂದ್ಲೂ ಒಡೀಲಿ ಅಂತ ಮಾಡ್ದೆ ಕಣವ್ವ' ಎಂದ ಅಪ್ಪ. ಸುತ್ತ ನಿಂತವರೆಲ್ಲ ಗೊಳ್ಳೆಂದರು.

'ಓಗು ಅತ್ಲಾಗೆ, ನನ್ ಕಣ್ಮುಂದೆ ನಿಂತ್ಕಬ್ಯಾಡ' ಎಂದು ಅಟ್ಟಿಬಿಟ್ಟೆ. ಅವನು ತಲೆ ತಗ್ಗಿಸಿಕೊಂಡು ದೂರದ ಹೊಂಗೆ ಮರದಡಿ ಹೋಗಿ ಕೂತ.

ಕೆ.ಆರ್. ಪೇಟೆಯ ಹುಡುಗಿಯೊಬ್ಬಳು ತನ್ನ ಸರದಿ ಮುಗಿಸಿ ನೀರು ಕುಡಿಯುತ್ತಿದ್ದಳು. 'ತಗಳಕ್ಕ, ನಂದ್ರಲ್ಲಿ ಆಡು' ಎಂದು ಕೋಲು ಚಾಚಿದಳು. ಪುಣ್ಯಾತ್ಗಿತ್ತಿ ನನಗಿಂತ ಗಿಡ್ಡ, ಅವಳ ಕೋಲೂ ಗಿಡ್ಡ. ಚೆಂಡು ಮುಟ್ಟಬೇಕಾದರೆ ನಾಟಿ ಹಾಕುವವರ ಹಾಗೆ ಬಗ್ಗಿಕೊಂಡೇ ಓಡಬೇಕು. ಓಡಿದೆ. ಸಿಟ್ಟಿನಲ್ಲಿ ಸೊಂಟದ ನೋವೂ ತಿಳಿಯಲಿಲ್ಲ. ಎದುರು ಬಂದವರಿಂದೆಲ್ಲ ಚೆಂಡು ಕಿತ್ತುಕೊಂಡೆ. 'ಬಗ್ಗು, ಬಗ್ಗು' ಎಂದು ಮೇಷ್ಟ್ರು ವರ್ಷವೆಲ್ಲ ಬಾಯಿ ಬಡಿದುಕೊಂಡರೂ ಬಗ್ಗದ ನನ್ನ ಬೆನ್ನು ಅವತ್ತು ಬಗ್ಗಿತ್ತು. ಆ ಮೇಡಂ ನೋಡುತ್ತಲೇ ಇದ್ದರು.

ಸಂಜೆ ಹೆಸರು ಕೂಗಿದರು. ನನ್ನದೂ ಇತ್ತು! ಕುಣಿದುಬಿಟ್ಟೆ.

ಅಪ್ಪ ಇನ್ನೂ ಮರದಡಿಯೇ ಇದ್ದ. ಅವ್ವ ಕಟ್ಟಿಕೊಟ್ಟ ಬುತ್ತಿಯನ್ನೂ ಬಿಚ್ಚಿರಲಿಲ್ಲ. 'ತಕಂಡ್ರು ಕಣಪ್ಪ' ಎಂದೆ. ಅವನು ನನ್ನ ಎರಡೂ ಕೈ ಹಿಡಿದುಕೊಂಡ. 'ನನ್ ಮಗೀನ್ ಕಾಲ್ನ ನಾನೇ ಕುಯ್ದಾಕ್ಬುಟ್ನಲ್ಲಾ ಅಂತ ಕುಂತಿದ್ದೆ ಕಣವ್ವ' ಎಂದು ಅಷ್ಟು ಜನರ ಮುಂದೆ ಅತ್ತುಬಿಟ್ಟ. ನನ್ನ ಸಿಟ್ಟು ಎಲ್ಲಿ ಹೋಯಿತೋ! ಪಕ್ಕದಲ್ಲಿ ಕೂತು ಬುತ್ತಿ ಬಿಚ್ಚಿ ಅವನ ಬಾಯಿಗೆ ತುತ್ತಿಟ್ಟೆ.

ಅರ್ಧ ತಿಂದು ಅಪ್ಪ ಕೈ ತಡೆದ. ನಾನು ಮನೆ ಬಿಟ್ಟು ಹೋಗುತ್ತೇನೆ ಎಂಬುದು ಆಗ ಹೊಳೆದಿರಬೇಕು.

'ಆ ಆಸ್ಟೆಲ್ನಾಗೆ ಬಾಗ್ಲು, ಚಿಲ್ಕ ಎಲ್ಲ ಗಟ್ಟಿಯಾಗವಾ ಮಗ?'

'ಗಟ್ಟಿಯಾಗವೆ ಕಣಪ್ಪ' ಎಂದೆ. ಹಾಸ್ಟೆಲನ್ನು ನಾನಿನ್ನೂ ನೋಡಿಯೇ ಇರಲಿಲ್ಲ.