ತಿರುಗದ ಮಗು ಮತ್ತು ಪ್ರೊಫೆಸರ್ ಚಕ್ರಪಾಣಿ

ಮಕ್ಕಳು ಹೇಗೆ ಕಲಿಯುತ್ತವೆ ಎಂದು ಇಪ್ಪತ್ತು ವರ್ಷ ಬರೆದ ಪ್ರೊಫೆಸರ್ ಚಕ್ರಪಾಣಿ ಒಂದೇ ಒಂದು ಮಗುವನ್ನೂ ಎತ್ತಿಕೊಂಡದ್ದನ್ನು ನಾನು ಕಾಣಲಿಲ್ಲ. ಯಾವುದಾದರೂ ಕೂಸು ಬೆರಳು ಹಿಡಿದರೆ ಬಿಡಿಸಿಕೊಂಡು, ಐದೂ ಬೆರಳಿಗೆ ಸ್ಯಾನಿಟೈಸರ್ ತಿಕ್ಕುತ್ತಿದ್ದರು. ಅತ್ತರೆ ಗಡಿಯಾರ ನೋಡುತ್ತಿದ್ದರು. "ಈ ಸ್ಯಾಂಪಲ್ ಹೋಯ್ತು, ಮುಂದಿನದನ್ನ ಕರೀರಿ," ಎನ್ನುವುದು ತಾಯಂದಿರಿಗೂ ಕೇಳಿಸುತ್ತಿತ್ತು.

ಸರಸ್ವತಿಪುರಂನ ಒಂದು ಮಹಡಿಯಲ್ಲಿ ಅವರ ಪ್ರಯೋಗಾಲಯ. ನಾನು ಸಹಾಯಕಿ. ಮಗು ತಾಯಿಯ ತೊಡೆಯ ಮೇಲೆ ಕೂರಬೇಕು. ತಾಯಿ ಸುಳಿವು ಕೊಡದಿರಲೆಂದು ಅವಳ ಕಿವಿಗೆ ಹೆಡ್‌ಫೋನಿನಲ್ಲಿ ಹಾಡು. ಪಕ್ಕದ ಸ್ಪೀಕರಿನಲ್ಲಿ 'ಬ, ಬ' ಎನ್ನುತ್ತಿದ್ದ ಸದ್ದು 'ದ' ಎಂದು ಬದಲಾದಾಗ ಮಗು ಅತ್ತ ತಿರುಗಿದರೆ, ಗೊಂಬೆ ಕರಡಿಯೊಂದು ಬೆಳಗಿ ಡೋಲು ಬಾರಿಸುತ್ತಿತ್ತು. ವ್ಯತ್ಯಾಸ ತಿಳಿಯಿತೆಂದು ನಾವು ಬರೆದುಕೊಳ್ಳುತ್ತಿದ್ದೆವು.

ನಜರ್‌ಬಾದ್‌ನಲ್ಲಿ ಬಟ್ಟೆ ಹೊಲಿಯುವ ಸವಿತಾ ಎಂಟು ತಿಂಗಳ ಮಗಳನ್ನು ಕರೆತಂದಿದ್ದರು. "ಬಲು ಶಾಂತ ಕಣ್ರೀ ಇವ್ಳು. ಪಕ್ಕದಲ್ಲೇ ಮಿಷಿನ್ ತುಳಿದ್ರೂ ಏಳಲ್ಲ," ಎಂದು ಹೆಮ್ಮೆಪಟ್ಟರು. ಸದ್ದು ಬದಲಾಯಿತು, ಮಗು ತಿರುಗಲಿಲ್ಲ. ಜೋರು ಮಾಡಿದೆ, ಆಗಲೂ ಇಲ್ಲ. ಸದ್ದಿಲ್ಲದೆ ಕರಡಿಯ ದೀಪ ಹತ್ತಿಸಿದೆ. ಥಟ್ಟನೆ ತಿರುಗಿ ನಕ್ಕಿತು.

ಚಕ್ರಪಾಣಿ 'ಸಹಕರಿಸಲಿಲ್ಲ' ಎಂದು ಬರೆದು ಹಾಳೆಯನ್ನು ಪಕ್ಕಕ್ಕೆ ತಳ್ಳಿದರು. ಕಿವಿ ಪರೀಕ್ಷೆ ಮಾಡಿಸಲು ಹೇಳೋಣವೇ ಎಂದೆ.

"ಡಾಕ್ಟರಿಕೆ ನಮ್ ಕೆಲ್ಸ ಅಲ್ಲ ಕಣಮ್ಮ. ಒಬ್ಬರನ್ನ ಹೆದರಿಸಿದ್ರೆ ನಾಳೆ ಇನ್ಯಾರೂ ಮಗೂನ ಕರ್ಕೊಂಡು ಬರಲ್ಲ."

ಸವಿತಾಗೆ ಉಡುಗೊರೆಯ ಗಿಲಕಿ ಕೊಟ್ಟು ಕಳಿಸಿದ್ದು ನಾನೇ. ಹನ್ನೊಂದು ದಿನ ಸುಮ್ಮನಿದ್ದೆ. ಆಮೇಲೆ ತಡೆಯಲಾಗದೆ ನಜರ್‌ಬಾದಿಗೆ ಹೋಗಿ ಹೇಳಿದೆ. ಸವಿತಾ ಮಿಷಿನ್ ನಿಲ್ಲಿಸಿ, ಮಗಳ ಬೆನ್ನ ಹಿಂದೆ ಹೋಗಿ ತಟ್ಟೆ ಬಡಿದರು. ಮಗು ಚಿಂದಿಬಟ್ಟೆಯ ಜೊತೆ ಆಡುತ್ತಲೇ ಇತ್ತು.

"ಅವತ್ತೇ ಗೊತ್ತಿತ್ತಾ ನಿಮ್ಗೆ?"

ಹೌದೆಂದೆ.

"ನಿಮ್ ಸಾರ್‌ಗೂ?"

ಅದಕ್ಕೂ ಹೌದೆಂದೆ. ಅವರು ಬೈಯಲಿಲ್ಲ. ಮಗುವನ್ನು ಎತ್ತಿಕೊಂಡು, ಯಾವ ಆಸ್ಪತ್ರೆಗೆ ಹೋಗಬೇಕೆಂದಷ್ಟೇ ಕೇಳಿದರು. ಜೊತೆಯಲ್ಲಿ ಹೋದೆ. ಮರುದಿನ ಕೆಲಸ ಬಿಟ್ಟೆ.

ಚಕ್ರಪಾಣಿಯವರನ್ನು ಕೊನೆಯ ಸಲ ಕಂಡದ್ದು ಎರಡು ವರ್ಷದ ನಂತರ, ಇಬ್ಬರೂ ಬಿಸಿಲಲ್ಲಿ ಆಟೋಗೆ ಕಾಯುತ್ತಿದ್ದಾಗ. ನಿವೃತ್ತರಾಗಿದ್ದರು. ಆ ಮಗುವಿನ ವಿಷಯ ತಾವಾಗಿಯೇ ಕೇಳಿದರು. ಎರಡೂ ಕಿವಿಗೆ ಯಂತ್ರ ಹಾಕಿದ್ದಾರೆ, ಕರೆದರೆ ತಿರುಗುತ್ತಾಳೆ, 'ಅಮ್ಮ' ಅನ್ನುತ್ತಾಳೆ ಎಂದೆ. ಅವರ ಮುಖ ಅರಳಿತು. ಒಂದು ಕ್ಷಣ, ನಾನು ಇವರನ್ನು ತಪ್ಪು ತಿಳಿದಿದ್ದೆನೇನೋ ಅನ್ನಿಸಿತು.

"ಯಂತ್ರ ಹಾಕೋಕೆ ಮುಂಚೆ, ಹಾಕಿದ್ಮೇಲೆ. ಎರಡೂ ರಿಸಲ್ಟ್ ಸಿಕ್ಕಿದ್ರೆ ಒಳ್ಳೇ ಪೇಪರ್ ಆಗ್ತಿತ್ತಲ್ರೀ," ಎಂದರು.

ನನಗೆ ಆಟೋ ಸಿಕ್ಕಿತು. ಇಬ್ಬರದೂ ಒಂದೇ ದಾರಿ. ಬನ್ನಿ ಎನ್ನಲಿಲ್ಲ.