ಮಡಿಲಿಗೆ ಹಾಕಿದ ಬಳ್ಳಿ

ಹಾಗಲವಾಡಿಯ ಹೊಂಬಾಳಮ್ಮನಿಗೆ ಹೂವಿನ ಗಿಡವೆಂದರೆ ಪ್ರಾಣ. ಕೇಳಿ ತಂದ ಕಡ್ಡಿ ಚೆನ್ನಾಗಿ ಹತ್ತುತ್ತದೆ, ಕೇಳದೆ ಮುರಿದು ತಂದದ್ದು ಇನ್ನೂ ಚೆನ್ನಾಗಿ ಹತ್ತುತ್ತದೆ ಎಂಬುದು ಅವಳ ನಂಬಿಕೆ. ತುಮಕೂರಿನ ಶಿರಾ ಗೇಟ್ ಬಳಿ ಹೂ ಮಾರಲು ಹೋದಾಗ, ಯಾರದೋ ಕಾಂಪೌಂಡಿನಿಂದ ಘಮಘಮಿಸುತ್ತ ಇಳಿಬಿದ್ದಿದ್ದ ಬಳ್ಳಿಯ ಕಡ್ಡಿ ತಂದದ್ದೂ ಹಾಗೆಯೇ. ಬಿಳಿ ಹೂವು, ಒಳ್ಳೆ ಪರಿಮಳ, ಯಾವುದೋ ಹೊಸ ಜಾತಿಯ ಮಲ್ಲಿಗೆಯಲ್ಲದೆ ಇನ್ನೇನು? ಮೂರು ವರ್ಷದ ಹಿಂದೆ ಮಗಳು ಸಂಧ್ಯಾಳನ್ನು ಕುಣಿಗಲ್ಲಿಗೆ ಕಳಿಸುವಾಗ ಮಡಿಲಕ್ಕಿಯ ಜೊತೆ ಅದರದೇ ಒಂದು ಸಸಿಯನ್ನೂ ಇಟ್ಟಳು. ತವರಿನ ಬಳ್ಳಿಗೆ ಗಂಡನ ಮನೆಯವರು ಕತ್ತಿ ತಾಗಿಸಬಾರದು, ಅದು ಆ ಸೀಮೆಯ ಪದ್ಧತಿ.

ಈ ವರ್ಷ ಹೊಂಬಾಳಮ್ಮನ ಬೇಲಿಯ ಕಾಕಡ ಹೂವಿನ ಗಿಡ ಒಣಗಿತು. ಪಕ್ಕದಲ್ಲಿ ನೆಟ್ಟಿದ್ದ ಈ ಬಳ್ಳಿಯೇ ಅದರ ಕತ್ತು ಹಿಸುಕಿತ್ತು. ಗಾಬರಿಯಾಗಿ ಒಂದು ಕೊಂಬೆ ಹಿಡಿದು ಆ ಕಾಂಪೌಂಡಿನ ಮನೆಗೇ ಹೋದಳು. ಯಜಮಾನರು ಅನಂತರಾಜು ಮೇಷ್ಟ್ರು ನಕ್ಕರು.

“ಇದು ಮಲ್ಲಿಗೆ ಅಲ್ಲಮ್ಮ, ಹನಿಸಕಲ್. ಮಲ್ಲಿಗೆ ನಕ್ಷತ್ರದ ಥರ ಅರಳುತ್ತೆ. ಇದು ನೋಡಿ, ಜೋಡಿಜೋಡಿ ಹೂವು, ಎರಡು ತುಟಿ ಬಿಚ್ಚಿದಂಗೆ. ಇವತ್ತು ಬಿಳಿ, ಆಮೇಲೆ ಹಳದಿ. ಬಲಿತ ಕಡ್ಡಿ ಮುರಿದ್ರೆ ಒಳಗೆ ಟೊಳ್ಳು. ನಾನು ಸವರ್ತಾನೇ ಇರ್ತೀನಿ. ಬಿಟ್ರೆ ಪಕ್ಕದ ಗಿಡನ ಉಳಿಸಲ್ಲ.”

ಬಿಟ್ಟರೆ! ಕುಣಿಗಲ್ಲಿನಲ್ಲಿ ಅದನ್ನು ಮುಟ್ಟುವವರೇ ಇಲ್ಲ. ಬೀಗಿತ್ತಿ ಪುಟ್ಟತಾಯಮ್ಮನವರ ಹಳೆಯ ಮಲ್ಲಿಗೆ ಇರುವುದೂ ಅದರ ಪಕ್ಕದಲ್ಲೇ. ಹೊಂಬಾಳಮ್ಮ ಊರಿಗೆ ಹೋಗದೆ ಕುಣಿಗಲ್ ಬಸ್ಸು ಹತ್ತಿದಳು. ನಿಮ್ಮವ್ವ ಎಂಥದ್ದನ್ನು ಕಳಿಸಿದಳು ಎಂದು ಮಗಳು ಅನ್ನಿಸಿಕೊಳ್ಳುತ್ತಿದ್ದರೆ? ಫೋನಿನಲ್ಲಿ ಅವಳು ಹೂವಿನ ಸುದ್ದಿ ಎತ್ತದಿರುವುದು ಇದಕ್ಕೇ ಇರಬೇಕು.

ಹಿತ್ತಲಿನಲ್ಲಿ ಮಲ್ಲಿಗೆ ಕಾಣಲೇ ಇಲ್ಲ. ಅದರ ಜಾಗದಲ್ಲಿ ಬಳ್ಳಿಯ ಗುಡ್ಡೆ. ಹೊಂಬಾಳಮ್ಮ ನೀರೂ ಕುಡಿಯದೆ ಒಂದು ಬಲಿತ ಕಡ್ಡಿ ಮುರಿದಳು. ಟೊಳ್ಳು.

“ತಪ್ಪಾಯ್ತು ಅಕ್ಕಾ, ಇದು ಮಲ್ಲಿಗೆ ಅಲ್ಲ.”

“ಗೊತ್ತು ಬುಡವ್ವ,” ಎಂದರು ಪುಟ್ಟತಾಯಮ್ಮ. “ಹೂವು ಹಳದಿಗೆ ತಿರುಗ್ದಾಗ್ಲೇ ಅನುಮಾನ ಬಂತು. ಸಂಧ್ಯಾ ಕತ್ತರಿಸ್ತೀನಿ ಅಂದ್ಳು, ನಾನೇ ಬ್ಯಾಡ ಅಂದೆ.”

“ನಿಮ್ ಮಲ್ಲಿಗೆ ಹೋಯ್ತಲ್ಲಕ್ಕಾ!”

“ಅದು ನನ್ ತವರಿಂದು ಕಣವ್ವ. ನಮ್ಮತ್ತೆ ಅದ್ಕೆ ಒಂದಿನ ಕತ್ತಿ ತಾಗಿಸ್ಲಿಲ್ಲ. ನಾನೆಂಗೆ ಸೊಸೆ ತವರಿನ ಬಳ್ಳಿಗೆ ಕತ್ತಿ ಹಾಕ್ಲಿ?”

ಬಳ್ಳಿ ಕೊಟ್ಟ ತವರಿನವಳಿಗೆ ಆ ಪದ್ಧತಿಯ ಅಡ್ಡಿಯಿಲ್ಲ. ಹೊಂಬಾಳಮ್ಮ ಕುಡುಗೋಲು ಇಸಿದುಕೊಂಡು ಬಳ್ಳಿಯನ್ನು ಸವರಿದಳು, ಬೇರನ್ನೂ ಅಗೆದಳು. ಒಳಗೆ ಸಿಕ್ಕ ಮಲ್ಲಿಗೆ ಕಡ್ಡಿಯನ್ನು ಉಗುರಿನಲ್ಲಿ ಕೆರೆದಳು. ಒಣಗಿತ್ತು. ಇನ್ನೊಂದೂ ಒಣಗಿತ್ತು. ಬುಡದ ಹತ್ತಿರ ಕೆರೆದಾಗ ಹಸಿರು ಕಂಡಿತು.

“ಜೀವ ಐತೆ ಅಕ್ಕಾ!”

ಅಲ್ಲಿಯವರೆಗೆ ಗಟ್ಟಿಯಾಗಿ ನಿಂತಿದ್ದ ಪುಟ್ಟತಾಯಮ್ಮ ಒಗೆಯುವ ಕಲ್ಲಿನ ಮೇಲೆ ಕೂತು, ಸೆರಗು ಬಾಯಿಗೊತ್ತಿಕೊಂಡು ಅತ್ತರು.