ಶಾರದಕ್ಕನ ಬೋರ್ಡು

ಬೆಳಿಗ್ಗೆ ಕಿಟಕಿ ತೆಗೆದರೆ ಕಾದ ಡಾಂಬರಿನ ವಾಸನೆ. ನಿಮಗೆ ಅದರಿಂದ ತಲೆ ಸುತ್ತಬಹುದು. ನನಗೆ ಪಕ್ಕದ ಮನೆಯ ಶಾರದಕ್ಕ ನೆನಪಾಗುತ್ತಾರೆ.

ಅಕ್ಕ ನಮ್ಮ ಪುರಸಭೆಯ ಸಾರಿಗೆ ವಿಭಾಗದಲ್ಲಿದ್ದರು. ವಿಭಾಗವೆಂದರೆ ದೊಡ್ಡದಾಗಿ ಊಹಿಸಿಕೊಳ್ಳಬೇಡಿ: ಎರಡು ಮೇಜು, ಕಿರುಗುಟ್ಟುವ ಫ್ಯಾನು, ಬಾಗಿಲ ಮೇಲೆ ಅಕ್ಕನೇ ಬರೆಸಿದ ಮರದ ಬೋರ್ಡು. ರಸ್ತೆ ಮಾಡುವುದು ಕಾಮಗಾರಿ ವಿಭಾಗದವರ ಕೆಲಸ. ಬಸ್ಸು ಎಲ್ಲಿ ನಿಲ್ಲಬೇಕು, ಜನ ಎಲ್ಲಿ ದಾಟಬೇಕು ಎನ್ನುವುದು ಇವರದು. ಹೊಸ ನಿಲ್ದಾಣಕ್ಕೆ ಒಪ್ಪಿಗೆ ಕೊಡುವ ಮೊದಲು ಅಕ್ಕ ಸಂತೆಯ ದಿನ ಇಂಜಿನಿಯರನ್ನು ಅಲ್ಲಿಗೆ ಕರೆದೊಯ್ದು, ತಲೆಯ ಮೇಲೆ ಅಕ್ಕಿಚೀಲ ಹೊರಿಸಿ ಬಸ್ಸು ಹತ್ತಿಸುತ್ತಿದ್ದರು.

"ಹೊತ್ಕೊಂಡು ಹತ್ತಿ ಸಾರ್, ಆಮೇಲೆ ಸೈನ್ ಹಾಕ್ತೀನಿ."

ಒಬ್ಬರು ಹಾಗೆ ಹತ್ತಿ, ನೂಕುನುಗ್ಗಲಲ್ಲಿ ಇಳಿಯಲಾಗದೆ ಚೀಲದ ಸಮೇತ ಗೋಣಿಬೀಡಿನವರೆಗೆ ಹೋಗಿಬಿಟ್ಟಿದ್ದರು. ಊರೆಲ್ಲ ನಕ್ಕಿತು. ಆ ನಿಲ್ದಾಣದ ಎತ್ತರದ ಕಟ್ಟೆ ಮಾತ್ರ ವಾರದೊಳಗೆ ತಗ್ಗಿತು.

ಅಕ್ಕ ನಿವೃತ್ತರಾದ ಮೇಲೆ ಅವರ ಮೇಜಿಗೆ ಯಾರನ್ನೂ ಹಾಕಲಿಲ್ಲ. ಈಗ ಸಾರಿಗೆಯನ್ನೇ ಕಾಮಗಾರಿ ವಿಭಾಗದೊಳಗೆ ಸೇರಿಸುತ್ತಾರಂತೆ. ಊರಿನವರ ಆಕ್ಷೇಪಣೆ ಕೇಳಲು ಇವತ್ತು ಸಭೆ. ನಿನ್ನೆ ಅಕ್ಕ ಮಂಡಿ ನೀವಿಕೊಳ್ಳುತ್ತ ಬೇಲಿಯಾಚೆಯಿಂದ ಹೇಳಿದರು: "ನಂಗೆ ಮೆಟ್ಲು ಹತ್ತಕ್ಕಾಗಲ್ಲ. ನೀನಾದ್ರೂ ಹೋಗಿ ಬ್ಯಾಡ ಅಂತ ಹೇಳು ಮಾರಾಯ. ರಸ್ತೆ ಮಾಡೋರನ್ನ ತಡ್ದು ಕೇಳಕ್ಕೆ ಒಬ್ರು ಬೇಕಲ್ಲ."

"ಎರಡು ಮೇಜಿಗೆ ಇಷ್ಟೊಂದು ಗಲಾಟೆನಾ ಅಕ್ಕ?" ಎಂದಿದ್ದೆ. ಸಭೆಗಳಲ್ಲಿ ನಾನು ಬಾಯಿ ತೆರೆಯುವುದು ಬಜ್ಜಿ ಬಂದಾಗ ಮಾತ್ರ.

ಆದರೂ ಅವರ ಮಾತಿಗೆಂದು ಹೊರಟವನು, ಆಲ್ದೂರು ರಸ್ತೆಯ ಹೊಸ ತಂಗುದಾಣದ ಮುಂದೆ ದಂಗಾಗಿ ನಿಂತುಬಿಟ್ಟೆ. ಬಣ್ಣದ ಗೋಡೆ, ನುಣುಪಾದ ಕಲ್ಲುಬೆಂಚು, ಎಲ್ಲವೂ ಚೆಂದವೇ. ಆದರೆ ಅದಕ್ಕೂ ರಸ್ತೆಗೂ ನಡುವೆ ಸೊಂಟದಾಳದ ಚರಂಡಿ, ದಾಟಲು ಒಂದು ಚಪ್ಪಡಿಯೂ ಇಲ್ಲ. ಕಟ್ಟಿದವರಿಗೆ ಚರಂಡಿ ಕಂಡಿತ್ತು, ತಂಗುದಾಣ ಕಂಡಿತ್ತು. ಬಸ್ಸಿಗೆ ಬರುವವರು ಕಂಡಿರಲಿಲ್ಲ. ತೋಟದ ಕೆಲಸಕ್ಕೆ ಹೊರಟ ಹೆಂಗಸರು ಯಾರೋ ಅಡ್ಡ ಹಾಕಿದ ಹಲಗೆಯ ಮೇಲೆ ಒಬ್ಬೊಬ್ಬರಾಗಿ ದಾಟುತ್ತಿದ್ದರು.

ಬಗ್ಗಿ ಹಲಗೆಯನ್ನು ನೋಡಿದೆ. ಕೆಸರು ಹೆಜ್ಜೆಗಳ ನಡುವೆ ಅಕ್ಷರಗಳು: ಸಾರಿಗೆ ವಿಭಾಗ.

ಸಭೆಯೇ ಇನ್ನೂ ನಡೆದಿಲ್ಲ, ಬೋರ್ಡು ಆಗಲೇ ಚರಂಡಿ ಸೇರಿದೆ. ಯಾರೋ ನಡುಬೀದಿಯಲ್ಲಿ ನನ್ನ ಕೆನ್ನೆಗೆ ಹೊಡೆದಂತಾಯಿತು. ಅಕ್ಕನ ಕಣ್ಣಿಗೆ ಇದು ಬೀಳಬಾರದೆಂದು ಎತ್ತಲು ಕೈ ಹಾಕಿದೆ.

"ತೆಗೀಬೇಡಿ ಅಣ್ಣ," ಬುತ್ತಿ ಹಿಡಿದ ಹೆಂಗಸೊಬ್ಬಳು ತಡೆದಳು. "ನಾವು ದಾಟೋದು ಹೆಂಗೆ?"

ಕೈ ಹಿಂದೆ ತೆಗೆದೆ. ಸಭೆಯಲ್ಲಿ ಬಜ್ಜಿ ಬರುವ ಮೊದಲೇ ಎದ್ದು ನಿಂತು, ಅವಳು ಕೇಳಿದ್ದನ್ನೇ ಕೇಳಿದೆ.